ನಿಂಬೆ ಹಂಗಾಮಿನಲ್ಲಿ ಒಂದು ಕಂಪ್ಯೂಟರ್ ಸೀಟು

ಮೊನ್ನೆ ಬಸವನ ಬಾಗೇವಾಡಿಗೆ ಹೋಗಿದ್ದೆ. ಅಲ್ಲಿಯ ಖಾನಾವಳಿಯೊಂದಕ್ಕೆ ಉಪ್ಪಿನಕಾಯಿಯ ನಿಂಬೆ ಗೊತ್ತುಮಾಡಿ ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದೆನಷ್ಟೇ, ಮಳೆ ಹಿಡಿಯಿತು. ಸೆರಗು ತಲೆಗೆ ಹೊದ್ದು ಓಡಿ, ಹತ್ತಿರದ ಕಾಲೇಜೊಂದರ ಪಡಸಾಲೆ ಸೇರಿದೆ. ಎದುರಿಗೆ ಮುಚ್ಚಿದ ಬಾಗಿಲು. ಬಾಗಿಲ ಹೊರಗೆ ಗೋಡೆಗುಂಟ ಚಪ್ಪಲಿಗಳ ಸಾಲು. ಎರೆಮಣ್ಣು ಮೆತ್ತಿ ಭಾರವಾದವು, ಅಂಗುಷ್ಠದ ಗುರುತು ಆಳವಾಗಿ ಬಿದ್ದವು, ಹಿಮ್ಮಡಿ ಸವೆದು ಒಂದು ಕಡೆ ವಾಲಿದವು. ಯಾರೋ ಬಾಗಿಲು ಅರ್ಧ ತೆರೆದರು. ಒಳಗಿನಿಂದ ತಣ್ಣನೆಯ ಗಾಳಿ ಬಂತು. ಬಿಸಿಯಾದ ವೈರಿನದೂ ಒದ್ದೆ ಕಾಲಿನದೂ ಸೇರಿದ ವಾಸನೆ. ನನ್ನ ಕೈಯಲ್ಲಂತೂ ನಿಂಬೆಯ ವಾಸನೆ ಇದ್ದೇ ಇರುತ್ತದೆ, ಎಷ್ಟು ತೊಳೆದರೂ ಹೋಗುವಂಥದ್ದಲ್ಲ. ಮಳೆ, ಆ ಕೋಣೆ, ನಿಂಬೆ ಮೂರೂ ಒಂದಾದ ಕೂಡಲೇ ನಾನು ಬಾಗೇವಾಡಿಯಲ್ಲಿ ಇರಲಿಲ್ಲ. ಬಾಗೇವಾಡಿಯಲ್ಲೇ ಇದ್ದೆ ಅನ್ನಿ, ಆದರೆ ಕೆಲವು ವರ್ಷ ಹಿಂದಿನ ಮುಂಗಾರಿನಲ್ಲಿ. ಪಕ್ಕದಲ್ಲಿ ನನ್ನ ತಮ್ಮನ ಮಗಳು ದಾನಮ್ಮ ಬರಿಗಾಲಲ್ಲಿ ನಿಂತಿದ್ದಳು.

ಆ ವರ್ಷ ಜೂನ್ ಮೊದಲಿನ ಮಿರಗದ ಮಳೆ ಕರೆದವರ ಮನೆಗೆ ಬಂದ ಬೀಗರಂತೆ ಹೊತ್ತಿಗೆ ಸರಿಯಾಗಿ ಬಂದಿತ್ತು. ಸಿಂದಗಿ ದಾರಿಯಲ್ಲಿ ತೊಗರಿ ಬಿತ್ತಿ ಮುಗಿಸಿದವರು ಕಟ್ಟೆಗೆ ಕುಳಿತು ಮೋಡ ನೋಡುತ್ತಿದ್ದರು. ಇಂಡಿ ಪಟ್ಟಣದ ಪೇಟೆಯಲ್ಲಿ ನಿಂಬೆ ರಾಶಿರಾಶಿ. ಮಳೆಗಾಲದ ನಿಂಬೆ ಹಾಗೆಯೇ, ಕಾಯಿ ತುಂಬ, ಕೇಳುವವರು ಕಡಿಮೆ. ನಾನು ಈ ವ್ಯಾಪಾರಕ್ಕೆ ಇಳಿದದ್ದು ಇದೇ ಇಂಡಿಯ ಬಸ್ ಸ್ಟ್ಯಾಂಡಿನ ಹೊರಗೆ ಗೋಣಿತಟ್ಟು ಹಾಸಿಕೊಂಡು. ಈಗ ತೋಟ ಹಿಡಿಯುತ್ತೇನೆ. ಅಂದರೆ, ಕಾಯಿ ಇನ್ನೂ ಗಿಡದ ಮೇಲಿರುವಾಗಲೇ ಇಡೀ ತೋಟದ ಫಸಲನ್ನು ಮಾತಾಡಿ ಖರೀದಿಸುತ್ತೇನೆ. ಇದರಲ್ಲಿ ತಕ್ಕಡಿ ಇಲ್ಲ, ಹರಾಜಿನ ಸವಾಲು ಇಲ್ಲ. ಕಣ್ಣು ಮತ್ತು ಬಾಯಿ, ಎರಡೇ ಬಂಡವಾಳ. ಅದರಲ್ಲೂ ಬಾಯಿಗಿಂತ ಬಾಯಿ ಮುಚ್ಚಿಕೊಳ್ಳುವುದೇ ಹೆಚ್ಚಿನ ಬಂಡವಾಳ.

ದನದ ಸಂತೆಯಲ್ಲಿ ಗಂಡಸರು ಟವೆಲಿನ ಒಳಗೆ ಕೈ ಹಿಡಿದು ಬೆರಳು ಒತ್ತಿ ಬೆಲೆ ಕುದುರಿಸುವುದನ್ನು ನೀವು ನೋಡಿರಬಹುದು. ಹೆಂಗಸಾದ ನನ್ನ ಕೈಯನ್ನು ಟವೆಲಿನ ಒಳಗೆ ಯಾರು ಹಿಡಿದಾರು? ಹಾಗಾಗಿ ನನ್ನ ಟವೆಲು ನನ್ನ ಮುಖವೇ ಆಯಿತು. ಬೇಕಾದ ತೋಟಕ್ಕೆ ನಾನು ಎಂದೂ ಮೊದಲು ಹೋಗುವುದಿಲ್ಲ. ಅದರ ಆಚೆಯದಕ್ಕೆ ಹೋಗುತ್ತೇನೆ, ಕಾಯಿ ಹಿಚುಕಿ ನೋಡುತ್ತೇನೆ, ಈಚೆಯದಕ್ಕೆ ಬಂದು ನೀರು ಕೇಳಿ ಕುಡಿಯುತ್ತೇನೆ. ಹೊರಡುವಾಗ ಮರೆತ ಮಾತು ನೆನಪಾದವಳಂತೆ ನಡುವಿನ ತೋಟದ ಮಾಲೀಕನಿಗೆ 'ನಿಂದೇನ ಮಾಡಿದ್ಯೋ' ಅನ್ನುತ್ತೇನೆ. ಆಸೆ ಕಂಡಿತೋ, ಬೆಲೆ ಏರಿತು. ಶಾಲೆಯ ಸೂಟಿಯಲ್ಲಿ ನನ್ನ ಮನೆಗೆ ಬರುತ್ತಿದ್ದ ದಾನಮ್ಮನನ್ನು ಈ ತಿರುಗಾಟಕ್ಕೆಲ್ಲ ಕರೆದೊಯ್ಯುತ್ತಿದ್ದೆ. ಹುಡುಗಿ ಬಲು ಚುರುಕು. ಕಾಯಿ ಜೋತುಬಿದ್ದ ಗಿಡದ ಕೆಳಗೆ ಆಕಳಿಸುತ್ತಾ ನಿಲ್ಲುವುದನ್ನು ಅದಾಗಲೇ ಕಲಿತಿದ್ದಳು. ಯಾವುದಾದರೂ ಅವಳ ಮನಸ್ಸಿಗೆ ಬಂದರೆ ಅದು ನನಗೆ ಮಾತ್ರ ಗೊತ್ತಾಗುತ್ತಿತ್ತು. ಮುಖ ಅಲ್ಲಾಡದು, ಆದರೆ ಕಾಲ ಬೆರಳು ಮಣ್ಣನ್ನು ಹಿಡಿದಂತೆ ಒಳಕ್ಕೆ ಮಡಚಿಕೊಳ್ಳುತ್ತಿದ್ದವು.

ಸಿಂದಗಿಯಲ್ಲಿ ನನ್ನ ತಮ್ಮ ಸಿದ್ರಾಮನ ಮೋಟರ್ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟರುಗಳ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು ಅವನ ಕೆಲಸ. ಆ ಜೂನ್ ತಿಂಗಳಲ್ಲಿ ಒಂದು ದಿನ ಫೋನ್ ಮಾಡಿದ.

"ಅಕ್ಕಾ, ಈ ದಾನಮ್ಮ ಬಾಯಿ ಬಿಡವಲ್ಲಳು. ಪಿಯುಸಿ ಪಾಸಾತು, ಸಿಇಟಿ ರ‍್ಯಾಂಕೂ ಬಂತು. ಮುಂದೇನಂದ್ರ 'ನೀವು ಹೇಳಿದಂಗ' ಅಂತಾಳ."

"ನೀ ಏನ್ ಹೇಳ್ತಿ?"

"ನಾ ಎಲೆಕ್ಟ್ರಿಕಲ್ ಅಂತೇನಿ. ವಿಜಯಪುರದಾಗ ಓದ್ಲಿ, ಮನಿಗೆ ಹತ್ರ. ಕೆಲಸಾನೂ ನಮಗ ಗೊತ್ತಿದ್ದದ್ದು. ಆದ್ರ ಊರ ಮಂದಿ ಎಲ್ಲಾ ಕಂಪ್ಯೂಟರ್ ಕಂಪ್ಯೂಟರ್ ಅಂತಾರ. ಅದರಾಗ ಮತ್ತ ನೂರೆಂಟ ನಮೂನಿ. ನನಗ ತಿಳಿಯೂದಿಲ್ಲ. ನೀ ಬಾ. ನಾಕ ಕಡೆ ವಿಚಾರ್ಸು. ನಿನಗ ವ್ಯಾಪಾರ ಗೊತ್ತೈತಿ."

ಪೇಟೆಯ ಲೆಕ್ಕವನ್ನು ನಂಬಿಕೆಯ ಹಮಾಲರಿಗೆ ಒಪ್ಪಿಸಿ ನಾನು ಹೊರಟೆ. ಆ ಹಂಗಾಮಿನ ನೆನಪೆಂದರೆ ನನಗೆ ಬಸ್ಸಿನ ಕಿಟಕಿಯೇ. ಇಂಡಿ, ಸಿಂದಗಿ, ದೇವರ ಹಿಪ್ಪರಗಿ, ಬಾಗೇವಾಡಿ, ಮುದ್ದೇಬಿಹಾಳ. ಊರುಗಳು ಮಳೆಯ ಪರದೆಯ ಹಿಂದೆ ಒಂದರೊಳಗೊಂದು ಕರಗಿ ಬರುತ್ತಿದ್ದವು. ಕರಿ ನೆಲ, ಅದರ ಮೇಲೆ ಕರಿ ಮೋಡ, ನಡುವೆ ಒಂದು ಬಿಳಿ ಕೊಕ್ಕರೆ. ದಾನಮ್ಮ ಕಿಟಕಿಯ ಗಾಜಿನ ಮೇಲೆ ಉಸಿರು ಬಿಟ್ಟು, ಆ ಮಬ್ಬಿನಲ್ಲಿ ಬೆರಳಿನಿಂದ ಗೆರೆ ಎಳೆದು, ಗೆರೆ ಇಳಿದುಹೋಗುವುದನ್ನು ನೋಡುತ್ತಾ ಕೂರುತ್ತಿದ್ದಳು. ನಾನು ಅರೆನಿದ್ದೆಯಲ್ಲಿ ಅವಳ ಭುಜಕ್ಕೆ ವಾಲುತ್ತಿದ್ದೆ. ಎಲ್ಲಿಗೆ ಹೊರಟಿದ್ದೇವೆ ಅನ್ನುವುದು ಒಮ್ಮೊಮ್ಮೆ ಮರೆತೇಹೋಗುತ್ತಿತ್ತು. ಕಂಡಕ್ಟರ್ ಸೀಟಿ ಊದಿದಾಗ ಇಳಿಯುವುದು, ಕಾಲೇಜು ಹುಡುಕುವುದು, ಚಪ್ಪಲಿ ಬಿಡುವುದು.

ಹೌದು, ಚಪ್ಪಲಿ. ನಮ್ಮ ಕಡೆಯ ಎಷ್ಟೋ ಕಾಲೇಜುಗಳಲ್ಲಿ ಕಂಪ್ಯೂಟರ್ ಕೋಣೆಗೆ ಗುಡಿಯೊಳಗೆ ಹೋದಂತೆ ಬರಿಗಾಲಲ್ಲೇ ಹೋಗಬೇಕು. ಧೂಳು ಬರಬಾರದೆಂದು ಮಾಡಿದ ನಿಯಮ ಇರಬೇಕು, ಈಗ ಅದೇ ಒಂದು ಮಡಿ. ಮಕ್ಕಳನ್ನು ಕಾಲೇಜಿಗೆ ಹಚ್ಚಲು ಹೊರಟವರಿಗೆ ನಾನು ಹೇಳುವ ಮೊದಲ ಮಾತು ಇದು: ಕಾಲೇಜಿನವರು ಅಚ್ಚು ಹಾಕಿಸಿದ ಪುಸ್ತಕದಲ್ಲಿ ಎಷ್ಟು ಮಷೀನು ಬರೆದಿದ್ದಾರೆ ನೋಡಬೇಡಿ, ಬಾಗಿಲ ಹೊರಗಿನ ಚಪ್ಪಲಿ ನೋಡಿ. ಒಂದೂರಿನಲ್ಲಿ, ಊರ ಹೆಸರು ಬೇಡ, ಕೋಣೆ ಅರಮನೆಯ ಹಾಗಿತ್ತು, ಹೊರಗೆ ಒಂದೂ ಚಪ್ಪಲಿ ಇರಲಿಲ್ಲ. ಒಳಗೆ ಕೀಲಿಮಣೆಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ನಾನು ನಮಸ್ಕಾರ ಹೇಳಿ ಬಂದೆ. ಇನ್ನೊಂದು ಊರಲ್ಲಿ ಮಷೀನುಗಳು ಹಳೆಯವು, ಆದರೆ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಚಪ್ಪಲಿ. ಕೀಲಿಗಳ ಮೇಲಿನ ಅಕ್ಷರಗಳು ಬೆರಳಿಗೆ ಸವೆದು ಮಾಸಿದ್ದವು. ಮೆಟ್ಟಿದ ಹಾದಿಯಲ್ಲೇ ಮಂದಿ ಹೋಗುತ್ತಾರೆ ಎಂದು ಸಿದ್ರಾಮನಿಗೆ ಫೋನಿನಲ್ಲಿ ಹೇಳಿದೆ.

ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಸುನಂದಾ ಮೇಡಂ ಅಂತ ಸಿಕ್ಕರು. ಕಂಪ್ಯೂಟರ್ ಕಲಿಸುವವರು, ನಾಲತವಾಡದ ಕಡೆಯವರು. ಅವತ್ತು ಮಳೆಗೆ ಹುಡುಗರು ಬಂದಿರಲಿಲ್ಲ. ಮೇಡಂ ಒಬ್ಬರೇ ಕಿಟಕಿಯ ಪಕ್ಕ ಕೂತು ಸೇಂಗಾ ತಿನ್ನುತ್ತಿದ್ದರು, ನಮಗೂ ಒಂದೊಂದು ಹಿಡಿ ಕೊಟ್ಟರು. ನಾನು ನೇರ ವ್ಯಾಪಾರಕ್ಕೇ ಇಳಿದೆ.

"ಮೇಡಂ, ಸಿಟ್ಟ ಮಾಡಬ್ಯಾಡ್ರಿ. ಬಿ.ಸಿ.ಎ.ನೂ ಕಂಪ್ಯೂಟರ್ ಅಂತೀರಿ, ಬಿ.ಎಸ್ಸಿ.ನೂ ಕಂಪ್ಯೂಟರ್ ಅಂತೀರಿ, ಬಿ.ಇ.ನೂ ಕಂಪ್ಯೂಟರ್ ಅಂತೀರಿ. ಒಂದ ಗಿಡದ ಕಾಯಿಗೆ ಮೂರ ರೇಟ್ ಯಾಕ್ರಿ?"

ಮೇಡಂ ನಕ್ಕರು. "ಗಿಡಾನ ಬ್ಯಾರೆ ಅದಾವ್ರಿ ಅಕ್ಕಾರ."

ಆಮೇಲೆ ಬಿಡಿಸಿ ಹೇಳಿದರು. ಬಿ.ಸಿ.ಎ.ಗೆ ಹೆಚ್ಚಿನ ಕಡೆ ಪಿಯುಸಿ ಸಾಕು, ಕಾಮರ್ಸ್ ಓದಿದವರೂ ಬರುತ್ತಾರೆ. ಆದರೆ ಕೆಲವು ವಿಶ್ವವಿದ್ಯಾಲಯಗಳು ಪಿಯುಸಿಯಲ್ಲಿ ಗಣಿತವೋ ಕಂಪ್ಯೂಟರೋ ಇರಬೇಕು ಅನ್ನುತ್ತವೆ, ಆದ್ದರಿಂದ ಕೇಳಿಯೇ ಹೆಜ್ಜೆ ಇಡಬೇಕು. ಬಿ.ಎಸ್ಸಿ.ಗೆ ಸೈನ್ಸ್ ಬೇಕು, ಜೊತೆಗೆ ಗಣಿತ. ಬಿ.ಇ.ಗೆ ಫಿಸಿಕ್ಸ್, ಗಣಿತ ಎರಡೂ ಬೇಕೇ ಬೇಕು, ಅದರ ಮೇಲೆ ಸಿಇಟಿಯ ರ‍್ಯಾಂಕು. ಎಸ್ಸೆಸ್ಸೆಲ್ಸಿ ಆದಮೇಲೆ ಡಿಪ್ಲೊಮಾ ಮಾಡಿದವರು ಇನ್ನೊಂದು ಪರೀಕ್ಷೆ ಬರೆದು ಬಿ.ಇ.ಯ ಎರಡನೇ ವರ್ಷಕ್ಕೇ ಬಂದು ಸೇರುವ ಒಂದು ಹಿತ್ತಿಲ ದಾರಿಯೂ ಇದೆ. ಬಿ.ಸಿ.ಎ. ಮುಗಿಸಿ ಮುಂದೆ ಎಂ.ಸಿ.ಎ. ಮಾಡುತ್ತೇನೆ ಅಂದವರಿಗೆ ಅಲ್ಲಿಯೂ ಗಣಿತ ಓದಿದ್ದೀಯಾ ಎಂದೇ ಕೇಳುತ್ತಾರೆ. ನಿಯಮ ವರ್ಷ ವರ್ಷ ತುಸು ಆಚೀಚೆ ಆಗುತ್ತದೆ, ಯಾರ ಬಾಯಿಮಾತನ್ನೂ ನಂಬಬೇಡಿ, ನನ್ನದನ್ನೂ ಕೂಡ ಅಂದರು. ನನಗೆ ಅವರು ಹಿಡಿಸಿದ್ದು ಆ ಮಾತಿಗೇ.

"ಹೌದ್ರಿ, ಬಿ.ಇ.ಗೆ ಗಣಿತ ಇಲ್ಲಂದ್ರ?" ಅಂದೆ.

"ಬಾಗಲಾ ತಗಿಯೂದಿಲ್ರಿ."

"ತುಸು ಹಿಂದ-ಮುಂದ..."

"ಅಕ್ಕಾರ, ಚೌಕಾಸಿ ಮಾಡಾಕ ಇದು ಬದನಿಕಾಯಿ ಅಲ್ರಿ. ನಿಮ್ಮ ಹುಡುಗಿಗೆ ಗಣಿತ ಐತೋ ಇಲ್ಲೋ?"

"ಐತಿ. ಚಲೋ ಮಾರ್ಕ್ಸೂ ಅದಾವ, ರ‍್ಯಾಂಕ್ ಮಾತ್ರ ನಡುಮಟ್ಟದ್ದು."

"ಮತ್ತ ಯಾರ ಸಲವಾಗಿ ಜಗಳಾ ತಗಿಯಾಕತ್ತೀರಿ?"

"ರೂಢಿರಿ," ಅಂದೆ. ಸೇಂಗಾ ನೆತ್ತಿಗೇರುವಷ್ಟು ನಕ್ಕರು.

ಅಷ್ಟು ಹೊತ್ತು ಸುಮ್ಮನಿದ್ದ ದಾನಮ್ಮ ಆಗ ಬಾಯಿ ತೆರೆದಳು. ಇಡೀ ತಿರುಗಾಟದಲ್ಲಿ ಅವಳು ತಾನಾಗಿ ಕೇಳಿದ್ದು ಅದೊಂದೇ ಪ್ರಶ್ನೆ.

"ಮೇಡಂ, ಮಷೀನಿನ ಒಳಗಿಂದು ಎದರಾಗ ಹೇಳಿಕೊಡ್ತಾರ್ರಿ? ಅದು ಹ್ಯಾಂಗ ಯೋಚನಿ ಮಾಡತೈತಿ, ಅದು?"

ಮೇಡಂ ಸೇಂಗಾದ ಕೈ ಕೊಡವಿ ಅವಳ ಕಡೆ ತಿರುಗಿದರು. "ತುಸು ತುಸು ಎಲ್ಲಾದರಾಗೂ ಬರತೈತಿ ತಂಗಿ. ಆದ್ರ ತಳದಿಂದ ತುದಿ ತನಕ ಬಿಚ್ಚಿ ನೋಡಬೇಕಂದ್ರ ಬಿ.ಇ. ಕಂಪ್ಯೂಟರ್ ಸೈನ್ಸ್. ನಿನ್ನ ರ‍್ಯಾಂಕಿಗೆ ಭಾಳ ದೊಡ್ಡ ಕಾಲೇಜು ಸಿಗಲಿಕ್ಕಿಲ್ಲ. ಕಲಬುರಗಿ ಕಡೆ ಪ್ರಯತ್ನ ಮಾಡು."

ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿಯ ಪೆಟ್ಟಿಗೆಯೊಂದು ಹಕ್ಕಿಯ ಹಾಗೆ ಕೂಗಲು ಶುರುಮಾಡಿತು. ಮಬ್ಬುಗತ್ತಲಿನಲ್ಲಿ ಒಂದೇ ಒಂದು ಪರದೆ ಮಾತ್ರ ಉರಿಯುತ್ತಿತ್ತು. ಮೇಡಂ ಅವಳನ್ನು ಅದರ ಮುಂದೆ ಕೂರಿಸಿ ಏನೋ ಎರಡು ಸಾಲು ಹೇಳಿದರು, ದಾನಮ್ಮ ಒತ್ತಿದಳು. ಪರದೆಯ ಮೇಲೆ ಒಂದು ಚಿಕ್ಕೆ ಹುಟ್ಟಿತು. ಅದು ಮೆಲ್ಲಗೆ ಎಡದಿಂದ ಬಲಕ್ಕೆ ಹೊರಟಿತು, ಅಂಚಿಗೆ ಹೋಗಿ ಮರೆಯಾಯಿತು, ಮತ್ತೆ ಎಡಗಡೆ ಹುಟ್ಟಿತು. ಅಷ್ಟೇ. ಹೊರಗೆ ಮಳೆ, ಒಳಗೆ ಆ ಒಂಟಿ ಚಿಕ್ಕೆಯ ಪಯಣ, ಅದರ ಬೆಳಕು ಬಿದ್ದ ಹುಡುಗಿಯ ಗದ್ದ. ಅವಳ ಮುಖ ನಿಂಬೆ ತೋಟದ್ದೇ ಮುಖ, ಬೇಕೂ ಇಲ್ಲ ಬೇಡವೂ ಇಲ್ಲ. ನಾನು ಕಣ್ಣು ಕೆಳಗಿಳಿಸಿದೆ. ತಣ್ಣನೆಯ ಟೈಲ್ಸಿನ ಮೇಲೆ, ಒದ್ದೆ ಕಾಲಿನ ಹತ್ತೂ ಬೆರಳು ಒಳಕ್ಕೆ ಮಡಚಿಕೊಂಡಿದ್ದವು.

ವಾಪಸ್ ಬರುವಾಗ ಆಲಮಟ್ಟಿಯ ಹಿನ್ನೀರಿನ ಕಡೆ ಮೋಡ ಒಡೆದು ಬಿಸಿಲು ಬಿತ್ತು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ತಿಳಿಯಲಿಲ್ಲ. "ಬೇಕೇನ?" ಅಂತ ಕೇಳಿದೆ. "ಯಾವುದು?" ಅಂದಳು. ಶಭಾಷ್ ಅಂದುಕೊಂಡೆ ಮನಸ್ಸಿನಲ್ಲೇ. ನನ್ನ ಕೈಯಲ್ಲಿ ಪಳಗಿದವಳಲ್ಲವೇ!

ಸಿಇಟಿಯ ಸೀಟು ಹಂಚುವ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಯಾವ ಕಾಲೇಜು, ಯಾವ ವಿಷಯ ಬೇಕೆಂದು ಮಕ್ಕಳು ಕಂಪ್ಯೂಟರಿನಲ್ಲಿ ಸಾಲಾಗಿ ಹಾಕಬೇಕು. ಮೊದಲು ಒಂದು ಅಣಕು ಹಂಚಿಕೆ ಮಾಡುತ್ತಾರೆ, ಹೀಗೇ ಇದ್ದರೆ ನಿನಗೆ ಇದು ಸಿಗಬಹುದು ನೋಡು ಅಂತ. ಅದನ್ನು ನೋಡಿ ಸಾಲು ಬದಲಿಸಲು ಒಂದೆರಡು ದಿನ ಬಿಡುತ್ತಾರೆ. ಆಮೇಲಿನದು ನಿಜದ ಹಂಚಿಕೆ. ದಾನಮ್ಮ ಸಿಂದಗಿಯ ಒಂದು ನೆಟ್ ಅಂಗಡಿಯಲ್ಲಿ ಕೂತು ತಾನೇ ತುಂಬಿದಳು. ನಾನು ಹೊರಗೆ ಚಹಾ ಕುಡಿಯುತ್ತಾ ಮಳೆ ನೋಡುತ್ತಿದ್ದೆ. ಅವಳ ಕಾಲ ಬೆರಳು ನೋಡಿ ಬಂದವಳು ಇನ್ನು ಸಾಲು ಏಕೆ ನೋಡಬೇಕು? ಕಂಪ್ಯೂಟರನ್ನೇ ಮೊದಲು ಹಾಕಿರುತ್ತಾಳೆ, ಅದರಲ್ಲೇನಿದೆ ಎಂದು ಇಂಡಿಗೆ ಬಂದು ನನ್ನ ವ್ಯಾಪಾರದಲ್ಲಿ ಮುಳುಗಿದೆ.

ಅಣಕು ಹಂಚಿಕೆಯ ದಿನ ನಾನು ಸಿಂದಗಿಯಲ್ಲೇ ಇದ್ದೆ, ಕಾಯಿಯ ಲಾರಿಯ ಕೆಲಸಕ್ಕೆ ಬಂದಿದ್ದೆ. ಅಂಗಡಿಗೆ ಹೋದರೆ ಸಿದ್ರಾಮ ಪೇಢೆ ಡಬ್ಬಿ ಹಿಡಿದು ಬೀದಿಗುಂಟ ಹಂಚುತ್ತಿದ್ದ.

"ಅಕ್ಕಾ, ತಗೋ! ಎಲೆಕ್ಟ್ರಿಕಲ್! ವಿಜಯಪುರದಾಗ! ಮೊದಲಿನ ಏಟಿಗೇ ಸಿಕ್ಕೈತಿ!"

ದಾನಮ್ಮ ಒಳಗೆ ಮೂಲೆಯಲ್ಲಿ ನಿಂತಿದ್ದಳು. ನಗುತ್ತಿದ್ದಳು ಕೂಡ. ನಾನು ಪೇಢೆ ಬಾಯಿಗಿಡುತ್ತಾ ಕೆಳಗೆ ನೋಡಿದೆ. ಕಾಲ ಬೆರಳುಗಳು ನೆಲದ ಮೇಲೆ ಚಪ್ಪಟೆಯಾಗಿ ಬಿದ್ದುಕೊಂಡಿದ್ದವು, ಯಾರದೋ ಬೇರೆಯವರ ಕಾಲಿನ ಹಾಗೆ.

ಕಂಪ್ಯೂಟರ್ ಸೀಟು ಇವಳ ರ‍್ಯಾಂಕಿಗೆ ಎಟುಕಲಿಲ್ಲ ಅಂದುಕೊಂಡೆ ಮೊದಲು. ಆದರೆ ತಮ್ಮ 'ಮೊದಲಿನ ಏಟಿಗೆ' ಅಂದದ್ದು ತಲೆಯಲ್ಲಿ ಕೂತಿತು. ಅವಳನ್ನು ಹಿತ್ತಿಲಿಗೆ ಕರೆದೆ. ಸುಟ್ಟ ಮೋಟರುಗಳ ರಾಶಿಯ ಮೇಲೆ ಮಳೆ ಹನಿಯುತ್ತಿತ್ತು.

"ಮೊದಲನೇದಾಗ ಏನ್ ಹಾಕಿದ್ದಿ?"

"ಎಲೆಕ್ಟ್ರಿಕಲ್."

"ಕಲಬುರಗಿ ಕಂಪ್ಯೂಟರ್?"

"ಮೂರನೇದಾಗ."

"ನಿಮ್ಮಪ್ಪನ ಸಲವಾಗೇನ?"

ಹುಡುಗಿ ತಲೆ ಅಲ್ಲಾಡಿಸಿದಳು. ಅವಳ ಮಾತು ಕೇಳಿದಾಗ ಬಾಯೊಳಗಿನ ಪೇಢೆ ನುಂಗುವುದನ್ನೇ ಮರೆತೆ.

"ನೀನ ಕಲಿಸೀದಿ ಅಲ್ಲ ಅತ್ತಿ. ಬೇಕಾದ ಗಿಡದ ಕೆಳಗ ಮೊದಲ ನಿಲ್ಲಬಾರದು. ಎಲ್ಲಾರೂ ಕಂಪ್ಯೂಟರ್ ಮೊದಲ ಹಾಕ್ತಾರ, ಅದಕ್ಕ ಅದರ ರೇಟ್ ಏರತೈತಿ. ನಾ ಮೂರನೇದಾಗ ಸುಮ್ಮ ಇಟ್ಟೆ, ಬ್ಯಾಡಾದವರಂಗ. ಹೋಗೋ ಮುಂದ ಕೇಳಿದಂಗ."

ಮಷೀನು ಹೇಗೆ ಯೋಚನೆ ಮಾಡುತ್ತದೆ ಎಂದು ಕೇಳಿದ್ದ ಹುಡುಗಿ ಆ ಮಷೀನನ್ನೇ ಒಬ್ಬ ತೋಟದ ಮಾಲೀಕನೆಂದು ತಿಳಿದು ಅದರೆದುರು ಆಕಳಿಸಿ ನಿಂತಿದ್ದಳು. ನಗಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ನನಗೂ ಅದರ ನಡೆ ಖಚಿತವಿರಲಿಲ್ಲವಲ್ಲ, ಸುನಂದಾ ಮೇಡಂಗೆ ಫೋನ್ ಹಚ್ಚಿದೆ.

"ಅಯ್ಯ ಅಕ್ಕಾರ," ಅಂದರು, "ಅದು ಮೊದಲನೇದರಿಂದ ನೋಡಕೋತ ಬರತೈತ್ರಿ. ರ‍್ಯಾಂಕಿಗೆ ಎಲ್ಲಿ ಸಿಕ್ತೋ ಅಲ್ಲೇ ನಿಂತ ಬಿಡತೈತಿ. ಮೊದಲನೇದು ಸಿಕ್ಕರ ಮೂರನೇದರ ಮಖಾನೂ ನೋಡೂದಿಲ್ಲ."

"ಹಂಗಾರ ಬೇಕಂತ ಮೊದಲ ಹೇಳಿದ್ರ ರೇಟ್ ಏರೂದಿಲ್ಲೇನ್ರಿ?"

"ಏರೂದಿಲ್ರಿ. ಸಿಗದಿದ್ರ ಸುಮ್ಮ ಕೆಳಗಿಂದಕ್ಕ ಬರತೈತಿ. ಕಳಕೊಳ್ಳೂದು ಏನೂ ಇಲ್ಲ. ಖರೇ ಏನ್ ಬೇಕೋ ಅದನ್ನ ಮೊದಲ ಹಾಕ್ಸ್ರಿ. ನಾಳಿ ಸಂಜಿ ತನಕ ವ್ಯಾಳ್ಯಾ ಐತಿ."

ಫೋನ್ ಇಟ್ಟೆ. ಗೋಣಿತಟ್ಟಿನ ದಿನಗಳಿಂದ ಇಲ್ಲಿಯವರೆಗೆ ಎಷ್ಟು ಪೇಟೆ ಕಂಡಿದ್ದೇನೆ; ಬೇಕು ಅಂದರೂ ಬೆಲೆ ಏರದ ಪೇಟೆ ಒಂದಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಸುಟ್ಟ ಮೋಟರುಗಳ ಮೇಲೆ ಹನಿಗಳು ಬಿದ್ದು ಚಿಮ್ಮುತ್ತಿದ್ದವು. ಯಾವುದೋ ಬೇರೆ ದೇಶಕ್ಕೆ ಬಂದಿಳಿದ ಹಾಗೆನಿಸಿತು.

"ನಡಿ, ಬದಲ ಮಾಡೂಣು," ಅಂದೆ.

"ಅಪ್ಪ?" ಅಂದಳು. "ಪೇಢೆ ಹಂಚ್ಯಾನ. ಓಣಿಗೆಲ್ಲಾ ಹೇಳ್ಯಾನ. ಇರ್ಲಿ ಬಿಡು ಅತ್ತಿ, ಎಲೆಕ್ಟ್ರಿಕಲ್ಲೂ ಚಲೋನ ಐತಿ."

ಆಗ ತಿಳಿಯಿತು, ಸಾಲು ಬದಲಿಸುವುದು ಸುಲಭ. ಬೇಕು ಅನ್ನುವ ಮಾತನ್ನು ಅಪ್ಪನ ಮುಂದೆ ಹೇಳುವುದು ಕಷ್ಟ. ಈ ಹುಡುಗಿ ಹುಟ್ಟಿದಾಗಿನಿಂದ ಆ ಶಬ್ದವನ್ನು ಬಾಯಿಂದ ಆಡಿಯೇ ಇರಲಿಲ್ಲ. ನಮ್ಮ ಮನೆತನದಲ್ಲಿ ಯಾರೂ ಆಡಿದವರಲ್ಲ. ಅವಳ ಪರವಾಗಿ ನಾನೇ ಹೇಳಿಬಿಡಬಹುದಿತ್ತು, ತಮ್ಮ ನನ್ನ ಮಾತು ಮೀರುವವನಲ್ಲ. ನಾನು ಹೇಳಲಿಲ್ಲ. ಒಂದು ಬುದ್ಧಿಮಾತು ನೆನಪಿಡಿ: ದಲಾಲರು ಎಲ್ಲೆಲ್ಲಿಯೋ ಬೇಕಾಗುತ್ತಾರೆ, ಅಪ್ಪ-ಮಗಳ ನಡುವೆ ಮಾತ್ರ ಬೇಡ. ಅವಳ ಬೆನ್ನ ಮೇಲೆ ಕೈಯಿಟ್ಟು ಅಂಗಡಿಯ ಬಾಗಿಲ ತನಕ ತಂದು ಬಿಟ್ಟೆ.

ಒಳಗೆ ವಾರ್ನಿಶಿನ ವಾಸನೆ. ಸಿದ್ರಾಮ ಕಾಲ ನಡುವೆ ಮೋಟರ್ ಇಟ್ಟುಕೊಂಡು ತಂತಿ ಸುತ್ತುತ್ತಿದ್ದ. ದಾನಮ್ಮ ಹೋಗಿ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ತಂತಿ ಸುತ್ತುವ ಸದ್ದು ಮಾತ್ರ ಕೇಳುತ್ತಿತ್ತು.

"ಅಪ್ಪಾ, ನನಗ ಕಂಪ್ಯೂಟರ್ ಬೇಕು."

ತಮ್ಮನ ಕೈ ನಿಂತಿತು.

"ಕಲಬುರಗಿದಾಗ," ಅಂದಳು. "ಹಾಸ್ಟೆಲ್ನ್ಯಾಗ ಇರ್ತೇನಿ. ಸಿಕ್ಕರ. ಸಿಗದಿದ್ರ ಎಲೆಕ್ಟ್ರಿಕಲ್. ಆದ್ರ ಮೊದಲ ಅದನ್ನ ಕೇಳ್ತೇನಿ."

ಸಿದ್ರಾಮ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದ. ನಾನು ಮಳೆ ನೋಡಿದೆ.

"ನಾ ಮೋಟರ್ ಬಿಚ್ಚೂ ಮುಂದ ಸಣ್ಣಕಿ ಇದ್ದಾಗಿಂದ ಬಾಜೂಕ ಕುಂದ್ರತಿದ್ದಿ. ಊಟಕ್ಕ ಕರದ್ರೂ ಏಳ್ತಿದ್ದಿಲ್ಲ. ನನ್ನ ಮಗಳಿಗೆ ಮೋಟರ್ ಮ್ಯಾಲ ಮನಸೈತಿ ಅಂತ ತಿಳಕೊಂಡಿದ್ದೆ."

"ಮೋಟರ್ ಮ್ಯಾಲ ಅಲ್ಲಪ್ಪಾ. ಬಿಚ್ಚೂದರ ಮ್ಯಾಲ."

ಅವನು ಕೈಯಲ್ಲಿನ ತಂತಿಯ ತುದಿ ನೋಡಿದ. ಬಿಟ್ಟರೆ ಸುತ್ತಿದ್ದೆಲ್ಲ ಸಡಿಲವಾಗುತ್ತಿತ್ತು, ಅದಕ್ಕೆ ಬಿಗಿಯಾಗಿ ಹಿಡಿದೇ ಇದ್ದ. ಕಡೆಗೆ ಅಂದ, "ಹಂಚಿದ ಪೇಢೆ ಹೊಳ್ಳಿ ಇಸಕೊಳ್ಳಾಕ ಬರೂದಿಲ್ಲಲ್ಲವಾ ಈಗ!"

ದಾನಮ್ಮನಿಗೆ ನಗು ಬಂತು, ಜೊತೆಗೆ ಅಳುವೂ.

"ಬ್ಯಾರೆ ತಂದರಾತು," ಅಂದ. "ಮದಲ ಹೇಳಿದ್ರ ಒಂದ ಡಬ್ಬಿ ಉಳೀತಿತ್ತು. ಎದ್ದೇಳು, ಲಗೂನ ಹೋಗು. ಆ ಅಂಗಡ್ಯಾಂವ ಮಳಿ ಬಂದ್ರ ಲಗೂನ ಬಾಗಲಾ ಹಾಕತಾನ. ಅಕ್ಕಾ, ನೀನೂ ಹೋಗ. ಈ ಸಲ ಒಳಗ ಕುಂದರು, ಚಹಾ ಆಮ್ಯಾಲ ಕುಡಿಯಂತಿ."

ಒಂದೇ ಛತ್ರಿಯಲ್ಲಿ ಇಬ್ಬರೂ ಹೋದೆವು. ಈ ಸಲ ನಾನು ಪಕ್ಕದಲ್ಲೇ ಕೂತೆ. ಮೂರನೆಯ ಸಾಲಿನಲ್ಲಿದ್ದದ್ದನ್ನು ಅವಳು ಮೌಸಿನಿಂದ ಎಳೆದು ಮೇಲಕ್ಕೆ ತಂದಳು, ಎಲೆಕ್ಟ್ರಿಕಲ್ ಒಂದು ಮೆಟ್ಟಿಲು ಕೆಳಗಿಳಿಯಿತು. ಎಷ್ಟು ಸಣ್ಣ ಚಲನೆ! ಮುದ್ದೇಬಿಹಾಳದಲ್ಲಿ ಕಂಡ ಚಿಕ್ಕೆಯೂ ಹೀಗೇ ಸದ್ದಿಲ್ಲದೆ ಹೊರಟಿತ್ತು.

ಆಮೇಲಿನ ದಿನಗಳು ನನಗೆ ಸರಿಯಾಗಿ ನೆನಪಿಲ್ಲ, ಮಳೆಯ ದಿನಗಳೆಲ್ಲ ಒಂದೇ ಬಣ್ಣದವು. ಇಂಡಿಯಲ್ಲಿ ಕಾಯಿ ಬರುತ್ತಿತ್ತು, ಹೋಗುತ್ತಿತ್ತು. ಚೀಲ ಹೊಲಿಯುವವರ ಹಾಡು, ತೊಯ್ದ ಗೋಣಿಯ ಕಮಟು ವಾಸನೆ, ಮಧ್ಯಾಹ್ನದ ಮಬ್ಬು ನಿದ್ದೆ. ಸಿಗದೇ ಹೋದರೆ ಎಂಬ ಭಯ ನನಗಿತ್ತು. ಬೇಕು ಎಂದು ಬಾಯಿಬಿಟ್ಟು ಕೇಳಿದ ಮೊದಲ ಸಲವೇ ಇಲ್ಲ ಅನಿಸಿಕೊಂಡರೆ ಹುಡುಗಿ ಇನ್ನು ಯಾವತ್ತೂ ಕೇಳಲಾರಳು. ಎಲೆಕ್ಟ್ರಿಕಲ್ ಸಿಕ್ಕರೂ ಬದುಕು ನಡೆಯುತ್ತಿತ್ತು, ನಿಜ. ನನ್ನ ಭಯ ಸೀಟಿನದಾಗಿರಲಿಲ್ಲ.

ನಿಜದ ಹಂಚಿಕೆಯ ದಿನ ನಾನು ಇಂಡಿಯ ಆಚೆ ಶಿವಪ್ಪ ಕಾಕಾನ ತೋಟದ ಹಾದಿಯಲ್ಲಿದ್ದೆ. ಎಷ್ಟೋ ವರ್ಷದಿಂದ ಕಣ್ಣಿಟ್ಟಿದ್ದ ತೋಟ ಅದು. ಕಾಯಿ ತೆಳು ಸಿಪ್ಪೆಯದು, ರಸ ತುಂಬಿ ಬಿಗಿದಿರುತ್ತದೆ. ಯಥಾಪ್ರಕಾರ ಅದನ್ನು ದಾಟಿ ಆಚೆಯ ತೋಟಕ್ಕೆ ಹೊರಟಿದ್ದೆ, ಫೋನ್ ಬಂತು.

"ಅತ್ತೀ, ಸಿಕ್ತು! ಕಂಪ್ಯೂಟರ್! ಕಲಬುರಗಿ!" ಆ ಕಡೆ ಸಿದ್ರಾಮ ಯಾರಿಗೋ ಕೂಗಿ ಹೇಳುತ್ತಿದ್ದ, "ಈ ಪೇಢೆ ಖರೇದ್ದು, ಅವತ್ತಿಂದು ಸ್ಯಾಂಪಲ್!"

"ಮತ್ತೊಮ್ಮೆ ಹೇಳವಾ," ಅಂದೆ.

"ಬೇಕಾದ್ದ ಸಿಕ್ತು ಅತ್ತಿ."

ಫೋನ್ ಸೆರಗಿನಲ್ಲಿ ಕಟ್ಟಿಕೊಂಡೆ. ಮಳೆ ಆಗಷ್ಟೇ ನಿಂತಿತ್ತು. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಇಡೀ ಗಾಳಿಗೆ ಯಾರೋ ನಿಂಬೆ ಹಿಂಡಿದ ಹಾಗಿತ್ತು. ಆಚೆಯ ತೋಟಕ್ಕೆ ಹೋಗಬೇಕಾದ ಕಾಲು ಅಲ್ಲೇ ತಿರುಗಿತು. ನೇರ ಶಿವಪ್ಪ ಕಾಕಾನ ತೋಟದೊಳಗೆ ಹೋಗಿ, ಎಲ್ಲಕ್ಕಿಂತ ಹೆಚ್ಚು ಕಾಯಿ ಹೊತ್ತಿದ್ದ ಗಿಡದ ಕೆಳಗೆ ಚಪ್ಪಲಿ ಬಿಟ್ಟು ನಿಂತೆ.

ಗುಡಿಸಲಿನಿಂದ ಮುದುಕ ಹೊರಗೆ ಬಂದು ಕಣ್ಣು ಕಿರಿದು ಮಾಡಿದ. "ಏನವಾ ಕಸ್ತೂರಿ, ಈ ಸಲ ಆಚೀ ತೋಟಕ್ಕ ಹೋಗಲಿಲ್ಲ?"

"ಇಲ್ಲ ಕಾಕಾ. ನನಗ ನಿನ್ನ ತೋಟಾನ ಬೇಕು. ಭಾಳ ವರ್ಷದಿಂದ ಬೇಕು."

ಕಾಕಾ ಹತ್ತಿರ ಬಂದ. ನನ್ನ ಮುಖ ನೋಡಿದ, ಕೆಳಗೆ ಬಿಟ್ಟ ಚಪ್ಪಲಿ ನೋಡಿದ, ಮತ್ತೆ ಮುಖ ನೋಡಿದ.

"ಮೈಯಾಗ ಆರಾಮ ಐತಿಲ್ಲೋ?" ಅಂದ.

ಆ ವರ್ಷ ಆ ತೋಟ ನನಗೆ ತುಟ್ಟಿಯಾಗಿಯೇ ಬಿತ್ತು. ಮಾತು ಮುಗಿಯುವ ತನಕ ನಾನು ಗಿಡದ ಕೆಳಗಿನಿಂದ ಕದಲಲಿಲ್ಲ. ಒದ್ದೆ ಎರೆಮಣ್ಣಿನಲ್ಲಿ ನನ್ನ ಕಾಲ ಬೆರಳುಗಳು ತಾವಾಗಿಯೇ ಮಡಚಿಕೊಂಡಿದ್ದವು.